ಅಪ್ಪನ ಹತ್ತಿರ ಈ ಮಾತು ಎತ್ತುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾಗಿ ಸಿಒಪಿಡಿ ಆಗಿದೆ. ಕಳೆದ ವರ್ಷ ಎರಡು ಸಲ ಐಸಿಯುಗೆ ಸೇರಿಸಿದ್ದೆವು. ಎರಡನೇ ಸಲ ಡಿಸ್ಚಾರ್ಜ್ ಮಾಡುವಾಗ ಡಾಕ್ಟರು, ‘ಮುಂದಿನ ಸಲ ವೆಂಟಿಲೇಟರ್ ಬೇಕಾಗಬಹುದು, ಮನೆಯಲ್ಲಿ ಮಾತಾಡಿಕೊಂಡಿರಿ’ ಅಂದರು. ನಾನು ಬಾಯಿ ತೆಗೆದರೆ ಅಮ್ಮ ‘ಬಿಡ್ತು ಅನ್ನು’ ಅಂತಾರೆ. ಅಮೆರಿಕದಲ್ಲಿರುವ ತಮ್ಮ ‘ಏನೇ ಆಗಲಿ, ಎಲ್ಲಾ ಟ್ರೀಟ್‌ಮೆಂಟ್ ಕೊಡಿಸು’ ಅಂತಾನೆ. ಅಪ್ಪನ ಎದುರು ಸಾವಿನ ಮಾತು ಎತ್ತಿದರೆ ಅವರು ಧೈರ್ಯ ಕಳೆದುಕೊಳ್ಳುವುದಿಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾತು ಎತ್ತಿ. ತಂದೆಯವರು ಮನೆಯಲ್ಲಿ ಕೂತು ಊಟ ಮಾಡಿಕೊಂಡು, ಪೇಪರ್ ಓದಿಕೊಂಡು ಇರುವಾಗಲೇ ಎತ್ತಿ. ಸಿಒಪಿಡಿ ತೀವ್ರವಾಗಿ ಉಲ್ಬಣಿಸಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರುತ್ತಾರೆ. ಕರೆದರೆ ಕಣ್ಣು ಬಿಟ್ಟಾರು, ಯೋಚಿಸಿ ಉತ್ತರ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಆಗ ಡ್ಯೂಟಿ ಡಾಕ್ಟರು ಒಪ್ಪಿಗೆ ಪತ್ರ ಹಿಡಿದು ‘ಟ್ಯೂಬ್ ಹಾಕಬೇಕು, ಸಹಿ ಮಾಡಿ’ ಎಂದು ಕೇಳುವುದು ನಿಮ್ಮನ್ನು. ಯೋಚಿಸಲು ಕೆಲವೇ ನಿಮಿಷ ಸಿಗುತ್ತದೆ. ಈಗ ಸುಮ್ಮನಿದ್ದ ಮಾತ್ರಕ್ಕೆ ಆ ನಿರ್ಧಾರ ತಪ್ಪುವುದಿಲ್ಲ. ತಂದೆಯವರು ತೆಗೆದುಕೊಳ್ಳಬೇಕಾದದ್ದು ನಿಮ್ಮ ತಲೆಯ ಮೇಲೆ ಬೀಳುತ್ತದೆ, ಅಷ್ಟೇ.

‘ಅಪ್ಪನ ಮನಸ್ಸು ನನಗೆ ಗೊತ್ತಿಲ್ಲವೇ?’ ಎಂದು ನಿಮಗೆ ಅನ್ನಿಸಬಹುದು. ಎಲ್ಲ ಮಕ್ಕಳಿಗೂ ಹಾಗೇ ಅನ್ನಿಸುತ್ತದೆ. ಇಂಥ ಪರಿಸ್ಥಿತಿಯಲ್ಲಿ ರೋಗಿಗೆ ಯಾವ ಚಿಕಿತ್ಸೆ ಬೇಕೆನಿಸುತ್ತದೆ ಎಂದು ಹತ್ತಿರದ ಸಂಬಂಧಿಕರನ್ನು ಕೇಳಿ, ಅದನ್ನು ರೋಗಿಯ ಉತ್ತರದೊಂದಿಗೆ ಹೋಲಿಸಿದ 16 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಶ್ಲೇಷಣೆಯೊಂದು 2006ರಲ್ಲಿ ಪ್ರಕಟವಾಯಿತು. ಸಂಬಂಧಿಕರ ಊಹೆ ಸರಿಯಾಗಿದ್ದದ್ದು ಶೇ 68ರಷ್ಟು ಸಲ ಮಾತ್ರ. ಅಂದರೆ ಮೂರರಲ್ಲಿ ಒಂದು ಸಲ ತಪ್ಪು. ಅದೇ ವಿಶ್ಲೇಷಣೆಯಲ್ಲಿ ನನ್ನ ವಾದಕ್ಕೇ ಅಡ್ಡ ಬರುವ ಸಂಗತಿಯೊಂದಿದೆ, ಅದನ್ನೂ ಹೇಳಬೇಕು: ಮೊದಲೇ ಮಾತಾಡಿಕೊಂಡಿದ್ದ ಮನೆಯವರ ಊಹೆಯೂ ಹೆಚ್ಚು ಸರಿಯಾಗಿರಲಿಲ್ಲ. ಹಾಗಾದರೆ ಮಾತಿನಿಂದ ಏನು ಲಾಭ? ನನ್ನ ಪ್ರಕಾರ ಲಾಭನಷ್ಟ ನಿಂತಿರುವುದು ಎಂಥ ಮಾತು ಎಂಬುದರ ಮೇಲೆ. ‘ನನಗೆ ನರಳಾಟ ಬೇಡಪ್ಪಾ’, ‘ದೇವರು ಬೇಗ ಕರೆಸಿಕೊಂಡರೆ ಸಾಕು’ ಎಂದು ಹಿರಿಯರು ಆಡುವ ಮಾತು ಮನಸ್ಸಿನಿಂದಲೇ ಬಂದಿರುತ್ತದೆ, ಆದರೆ ಐಸಿಯು ಬಾಗಿಲಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಟ್ಯೂಬ್ ಹಾಕುವುದು ನರಳಾಟವೋ, ಹಾಕದೆ ಬಿಡುವುದು ನರಳಾಟವೋ? ಮೆಲ್ಬರ್ನ್‌ನ ಆಸ್ಪತ್ರೆಯೊಂದರಲ್ಲಿ 80 ದಾಟಿದ 309 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಿಬ್ಬಂದಿ ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ರೋಗದ ಸ್ಥಿತಿ, ಮುಂದಿರುವ ಆಯ್ಕೆಗಳನ್ನು ಬಿಡಿಸಿ ಮಾತಾಡಿದರು. ಮುಂದಿನ ಆರು ತಿಂಗಳಲ್ಲಿ ತೀರಿಕೊಂಡವರ ಪೈಕಿ, ಹೀಗೆ ಮಾತಾಡಿದ್ದವರ ಗುಂಪಿನಲ್ಲಿ ಶೇ 86 ಜನರ ಇಚ್ಛೆ ಗೊತ್ತಿತ್ತು ಮತ್ತು ಹಾಗೆಯೇ ನಡೆಯಿತು. ಉಳಿದವರಲ್ಲಿ ಶೇ 30 ಮಾತ್ರ. ಮಾತಾಡಿದ್ದವರ ಗುಂಪಿನಲ್ಲಿ ತೀರಿಕೊಂಡವರ ಮನೆಯವರಲ್ಲಿ ಆತಂಕ, ಖಿನ್ನತೆ ಕೂಡ ಕಡಿಮೆ ಇತ್ತು.

ಧೈರ್ಯದ ಪ್ರಶ್ನೆಗೆ ಬರುತ್ತೇನೆ. ಅಪಶಕುನ ನುಡಿದರೆ ಅಸ್ತು ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆ ಎಂಬ ಅಳುಕು ನಿಮ್ಮ ತಾಯಿಯವರೊಬ್ಬರದೇ ಅಲ್ಲ. ಅದನ್ನು ಹಗುರವಾಗಿ ಕಾಣಬೇಡಿ, ಅದರ ಹಿಂದೆ ಪ್ರೀತಿಯಿದೆ. ಆದರೆ ಆ ಅಳುಕಿಗೆ ಸಾಕ್ಷ್ಯ ಸಿಕ್ಕಿಲ್ಲ. ಅಮೆರಿಕದಲ್ಲಿ ಕೊನೆಯ ಹಂತದ ಕ್ಯಾನ್ಸರ್ ಇದ್ದವರ ಬಗ್ಗೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಕಡೆಗಾಲದ ಬಗ್ಗೆ ವೈದ್ಯರೊಂದಿಗೆ ಮಾತಾಡಿದವರಲ್ಲಿ ಖಿನ್ನತೆಯಾಗಲೀ ಚಿಂತೆಯಾಗಲೀ ಮಾತಾಡದವರಿಗಿಂತ ಹೆಚ್ಚಿರಲಿಲ್ಲ. ಅದು ಕ್ಯಾನ್ಸರ್ ರೋಗಿಗಳ ಅಧ್ಯಯನ, ಬೇರೆ ದೇಶದ್ದು, ಹಾಗಾಗಿ ನಿಮ್ಮ ತಂದೆಗೆ ಅಕ್ಷರಶಃ ಅನ್ವಯಿಸಲಾರೆ. ಆದರೂ ದಿಕ್ಕು ಸ್ಪಷ್ಟವಿದೆ. ಪದೇ ಪದೇ ಐಸಿಯು ಕಂಡ ವ್ಯಕ್ತಿಗೆ ತನ್ನ ಸ್ಥಿತಿ ಗೊತ್ತಿರುತ್ತದೆ. ಮನೆಯವರು ಬೇಜಾರು ಮಾಡಿಕೊಂಡಾರು ಎಂದು ಅವರು ಬಾಯಿ ಬಿಡುವುದಿಲ್ಲ, ಅವರು ಕುಗ್ಗಿಯಾರು ಎಂದು ಮನೆಯವರೂ ಬಾಯಿ ಬಿಡುವುದಿಲ್ಲ.

ಮಾತಾಡುವ ಮೊದಲು ಒಂದು ವಿಷಯ ನಿಮಗೆ ಗೊತ್ತಿರಬೇಕು. ವೆಂಟಿಲೇಟರ್ ಎಂದರೆ ಎಲ್ಲ ಸಲವೂ ಕೊನೆ ಎಂದಲ್ಲ. ಸಿಒಪಿಡಿಯಲ್ಲಿ ಸೋಂಕಿನಿಂದ ಉಸಿರು ಕೆಟ್ಟಾಗ ಮೊದಲು ಬಳಸುವುದು ಬೈಪ್ಯಾಪ್. ಮುಖಕ್ಕೆ ಮಾಸ್ಕ್ ಬಿಗಿದು ಗಾಳಿ ಒತ್ತುವ ಯಂತ್ರ. ಅದು ಎಷ್ಟೋ ಜೀವ ಉಳಿಸಿದೆ, ಎಷ್ಟೋ ಜನರಿಗೆ ಟ್ಯೂಬ್ ತಪ್ಪಿಸಿದೆ. ಅದು ಸಾಲದಾದಾಗ ಟ್ಯೂಬ್: ಬಾಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ, ರೋಗಿ ಮಾತಾಡಲಾರರು, ನುಂಗಲಾರರು, ಮೂಗಿನ ನಳಿಕೆಯಲ್ಲಿ ಆಹಾರ, ಕೊಳವೆ ಕಿತ್ತುಕೊಳ್ಳದಂತೆ ನಿದ್ರೆಯ ಔಷಧ, ಕೆಲವೊಮ್ಮೆ ಕೈ ಕಟ್ಟುವುದೂ ಉಂಟು. ಕೆಲವರು ನಾಲ್ಕೈದು ದಿನದಲ್ಲಿ ಚೇತರಿಸಿಕೊಂಡು ಮನೆಗೆ ಬರುತ್ತಾರೆ. ಕೆಲವರಿಗೆ ಯಂತ್ರ ಬಿಡಿಸಲಾಗದೆ ಎರಡು ವಾರದ ಹೊತ್ತಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಗುತ್ತದೆ. ಆದ್ದರಿಂದ ‘ವೆಂಟಿಲೇಟರ್ ಬೇಕೋ ಬೇಡವೋ’ ಎಂದು ಕೇಳಬೇಡಿ. ಹೀಗೆ ಕೇಳಿ: ‘ಅಪ್ಪಾ, ಹೋದ ಸಲ ಆಸ್ಪತ್ರೆಯಲ್ಲಿ ನಿಮಗೆ ಯಾವುದು ತುಂಬಾ ಕಷ್ಟ ಆಯ್ತು? ಮತ್ತೆ ಹಾಗಾದರೆ ಎಷ್ಟರ ಮಟ್ಟಿಗೆ ಮಾಡಿಸಲಿ? ಕೆಲವು ದಿನ ನೋಡಿ, ಗುಣ ಕಾಣದಿದ್ದರೆ ನಿಲ್ಲಿಸಿ ಅಂತ ಡಾಕ್ಟರಿಗೆ ಹೇಳಬಹುದಾ? ಯಾವ ಸ್ಥಿತಿಯಲ್ಲಿ ಬದುಕಿದ್ದರೆ ಸಾಕು ಅನ್ನಿಸುತ್ತೆ?’ ಕೊನೆಯ ಪ್ರಶ್ನೆಯೇ ಮುಖ್ಯ. ಹಾಸಿಗೆ ಹಿಡಿದರೂ ಮೊಮ್ಮಕ್ಕಳನ್ನು ನೋಡಿಕೊಂಡಿದ್ದರೆ ಸಾಕು ಎನ್ನುವವರಿದ್ದಾರೆ, ಒಂದಕ್ಕೆ ಎರಡಕ್ಕೆ ಇನ್ನೊಬ್ಬರ ಕೈ ಕಾಯುವ ಬದುಕು ಬೇಡ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದನ್ನೂ ನೀವು ಊಹಿಸಲಾಗದು.

ಹೇಳಿದ್ದನ್ನು ಆಮೇಲೆ ಬದಲಾಯಿಸಿದರೆ? ಬದಲಾಯಿಸಲಿ, ಅದು ಅವರ ಹಕ್ಕು. ಪ್ರತಿಸಲ ಆಸ್ಪತ್ರೆಯಿಂದ ಬಂದ ಮೇಲೆ ಮತ್ತೊಮ್ಮೆ ಕೇಳಿ. ಯಂತ್ರ ಬೇಡವೆಂದರೆ ಚಿಕಿತ್ಸೆಯನ್ನೇ ಕೈಬಿಟ್ಟಂತಲ್ಲವೇ ಎಂಬ ಆಕ್ಷೇಪವೂ ಇದೆ. ಅಲ್ಲ. ಇನ್ಹೇಲರ್, ಆ್ಯಂಟಿಬಯೋಟಿಕ್, ಆಮ್ಲಜನಕ, ಬೈಪ್ಯಾಪ್ ಎಲ್ಲವೂ ಮುಂದುವರಿಯಬಹುದು. ಉಸಿರುಗಟ್ಟುವ ಸಂಕಟಕ್ಕೆ ಔಷಧವಿದೆ, ಮುಖಕ್ಕೆ ಬೀಸುವ ಟೇಬಲ್ ಫ್ಯಾನಿನಿಂದಲೂ ಎಷ್ಟೋ ಸಮಾಧಾನ ಸಿಗುತ್ತದೆ. ಇದನ್ನೆಲ್ಲ ನೋಡಿಕೊಳ್ಳುವುದು ಉಪಶಾಮಕ ಆರೈಕೆ. ಬಾಸ್ಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಆರೈಕೆಯನ್ನು ಮೊದಲೇ ಪಡೆದವರಲ್ಲಿ ಕೊನೆಯ ದಿನಗಳ ಉಗ್ರ ಚಿಕಿತ್ಸೆ ಕಡಿಮೆಯಾಗಿತ್ತು. ಆದರೂ ಅವರು ಹೆಚ್ಚು ಕಾಲ ಬದುಕಿದರು, ಮಧ್ಯಮಾಂಕ 8.9 ತಿಂಗಳ ಬದಲು 11.6 ತಿಂಗಳು.

ಇನ್ನು ಕಾನೂನು. ನಮ್ಮದೇ ಹೊನ್ನಾವರ ತಾಲ್ಲೂಕಿನ ಹಳದಿಪುರದವರಾದ ನರ್ಸ್ ಅರುಣಾ ಶಾನಭಾಗ 1973ರಲ್ಲಿ ಮುಂಬೈನ ಆಸ್ಪತ್ರೆಯಲ್ಲಿ ದಾಳಿಗೆ ಒಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಮಲಗಿದ್ದಲ್ಲೇ ಇದ್ದರು. ಅವರ ಪ್ರಕರಣದಿಂದ 2011ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೆರೆದ ಚರ್ಚೆ 2018ರ ಸಂವಿಧಾನ ಪೀಠದ ತೀರ್ಪಿನಲ್ಲಿ ಘನತೆಯ ಸಾವಿನ ಹಕ್ಕಾಗಿ, ಲಿವಿಂಗ್ ವಿಲ್‌ಗೆ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ) ಮಾನ್ಯತೆಯಾಗಿ ಮುಗಿಯಿತು. 2023ರಲ್ಲಿ ನಿಯಮ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಆಸ್ತಿಗಾಗಿ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡರೆ ಎಂಬ ಭಯ ನ್ಯಾಯವಾದದ್ದೇ. ಅದಕ್ಕೆಂದೇ ತಡೆಗಳಿವೆ. ರೋಗಿ ಸ್ವತಃ ನಿರ್ಧರಿಸುವ ಶಕ್ತಿ ಕಳೆದುಕೊಂಡು, ಗುಣವಾಗುವ ಆಸೆ ಇಲ್ಲದಾಗ ಮಾತ್ರ ಆ ಪತ್ರ ಜಾರಿಗೆ ಬರುತ್ತದೆ. ಆಗಲೂ ಆಸ್ಪತ್ರೆಯ ವೈದ್ಯರ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ ಒಪ್ಪಬೇಕು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವೇ ಇಲ್ಲ.

ಪತ್ರಕ್ಕೆ ಆತುರ ಬೇಡ, ಮಾತಿಗೆ ತಡ ಬೇಡ. ಮುಂದಿನ ಚೆಕಪ್‌ಗೆ ತಾಯಿಯವರನ್ನೂ ಕರೆದುಕೊಂಡು ಹೋಗಿ, ತಮ್ಮನನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿ. ದೂರದಲ್ಲಿರುವ ಮಕ್ಕಳು ‘ಎಲ್ಲಾ ಮಾಡಿಸು’ ಎನ್ನುವುದು ಹೆಚ್ಚಾಗಿ ಹತ್ತಿರವಿರಲಾಗದ ಸಂಕಟಕ್ಕೆ. ತಂದೆಯ ಬಾಯಿಂದಲೇ ಕೇಳಿದರೆ ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುವುದಿಲ್ಲ. ತಂದೆಯವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಆಸ್ಪತ್ರೆಯ ಫೈಲಿನಲ್ಲಿ ಡಿಸ್ಚಾರ್ಜ್ ಸಮ್ಮರಿಯ ಮೇಲೆಯೇ ಇಡಿ. ‘ವೆಂಟಿಲೇಟರ್ ಹಾಕಿಸಿ, ಕೊನೆಯವರೆಗೂ ಪ್ರಯತ್ನಪಡಿ’ ಎಂದೇ ಅವರು ಹೇಳಿದರೆ ಅದನ್ನೂ ಹಾಗೆಯೇ ಬರೆಯಿರಿ, ಹಾಗೆಯೇ ನಡೆಸಿಕೊಡಿ.