ಹಿತ್ತಲಿನ ಚಿಟ್ಟೆ: ಮೊದಲು ಫೋಟೋ, ಆಮೇಲೆ ಔಷಧಿ ಮಾತು

ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಅಂಟಿಕೊಂಡಿರುತ್ತೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥದ್ದು ಹೊರಬಂದು ಘಾಟು ವಾಸನೆ ಬಿಡುತ್ತೆ. ಇದು ನಿಂಬೆ ಚಿಟ್ಟೆಯ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯ ಎಳೆ ಹುಳ. ಬೆಳೆದಂತೆ ಹಸಿರು ಬಣ್ಣಕ್ಕೆ ತಿರುಗುತ್ತೆ. ಹುಳ ಕಂಡ ಕೂಡಲೇ ಪಂಪ್ ಹೆಗಲಿಗೇರಿಸಬೇಡಿ. ಮೊದಲು ಮೊಬೈಲ್ ತೆಗೀರಿ.

ಫೋಟೋ ತೆಗೆಯೋದು ಹೇಗೆ?

1. ಬೆಳಗಿನ ಎಳೆ ಬಿಸಿಲಲ್ಲಿ ಹೋಗಿ. ಚಿಟ್ಟೆಗಳು ಮೈ ಕಾಯಿಸಿಕೊಳ್ಳಲು ರೆಕ್ಕೆ ಬಿಚ್ಚಿ ಕೂತಿರುತ್ತವೆ, ಬೇಗ ಹಾರೋದಿಲ್ಲ.
2. ಬಗ್ಗಿ, ನಿಧಾನವಾಗಿ ಹತ್ತಿರ ಹೋಗಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು.
3. ಹೆಚ್ಚು ಜೂಮ್ ಮಾಡಿದರೆ ಚಿತ್ರ ಮಸುಕಾಗುತ್ತೆ. ಪರದೆಯಲ್ಲಿ ಚಿಟ್ಟೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ನಾಲ್ಕೈದು ಫೋಟೋ ತೆಗೀರಿ.
4. ರೆಕ್ಕೆ ಬಿಚ್ಚಿದಾಗ ಒಂದು, ಮುಚ್ಚಿದಾಗ ಒಂದು ಬೇಕೇ ಬೇಕು. ಎಷ್ಟೋ ಚಿಟ್ಟೆಗಳಲ್ಲಿ ರೆಕ್ಕೆಯ ಎರಡು ಬದಿಯ ಬಣ್ಣ ಬೇರೆ ಬೇರೆ.
5. ಅದು ಮೊಟ್ಟೆ ಇಟ್ಟ ಗಿಡದ ಫೋಟೋ ಮರೀಬೇಡಿ. ಅರ್ಧ ಗುರುತು ಅಲ್ಲೇ ಸಿಗುತ್ತೆ.

ಗುರುತು ಹಿಡಿಯೋದು ಹೇಗೆ?

ನಿಂಬೆ ಚಿಟ್ಟೆಗೆ ಕಪ್ಪು ರೆಕ್ಕೆ ಮೇಲೆ ತಿಳಿ ಹಳದಿ ಮಚ್ಚೆಗಳು, ಬಾಲ ಇಲ್ಲ. ಗಂಡು ಕಾಮನ್ ಮಾರ್ಮನ್‌ಗೆ ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆಗಳ ಸಾಲು, ಜೊತೆಗೆ ಪುಟ್ಟ ಬಾಲ. ಬದುವಿನ ಎಕ್ಕದ ಗಿಡದ ಸುತ್ತ ಸುಳಿಯುವ ಕಿತ್ತಳೆ ಚಿಟ್ಟೆ ಪ್ಲೇನ್ ಟೈಗರ್ ಇರಬಹುದು. ಆದರೆ ಡನೈಡ್ ಎಗ್‌ಫ್ಲೈ ಹೆಣ್ಣು ಅದನ್ನೇ ಅನುಕರಿಸುತ್ತೆ! ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆ ಇದ್ದರೆ ಪ್ಲೇನ್ ಟೈಗರ್, ಇಲ್ಲದಿದ್ದರೆ ಎಗ್‌ಫ್ಲೈ.

ಅನುಮಾನ ಇದ್ದರೆ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಫೋಟೋ ಹಾಕಿ. ಆ್ಯಪ್ ತೋರಿಸುವ ಮೊದಲ ಹೆಸರೇ ಕೊನೆಯ ಮಾತಲ್ಲ. ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದ ಚಿತ್ರಗಳ ಜೊತೆ ಹೋಲಿಸಿ ನೋಡಿ.

ಬೆಳೆಗೆ ಇದರಿಂದೇನು?

ದೊಡ್ಡ ನಿಂಬೆ ಮರ ನಾಲ್ಕು ಹುಳಕ್ಕೆ ಹೆದರೋದಿಲ್ಲ. ಆದರೆ ಎಳೆ ಸಸಿಯನ್ನು ಕೆಲವೇ ಹುಳಗಳು ಬೋಳು ಮಾಡಬಲ್ಲವು. ಅಲ್ಲಿ ಹುಳ ಕೈಯಿಂದ ಆರಿಸಿದರೆ ಸಾಕು. ವಿಷ ಹೊಡೆದರೆ ಹುಳದ ಜೊತೆ ಜೇನು, ಹುಳದ ಮೊಟ್ಟೆ ನಾಶ ಮಾಡುವ ಕಣಜಗಳೂ ಸಾಯುತ್ತವೆ. ಕರಿಬೇವಿಗೆ ಹೊಡೆದದ್ದು ನಮ್ಮ ಸಾರಿಗೇ ಬರುತ್ತೆ.

ಎಲ್ಲ ಚಿಟ್ಟೆಯೂ ಪಾಪದ್ದಲ್ಲ. ದಾಳಿಂಬೆ ಕಾಯಿಕೊರಕವೂ ಚಿಟ್ಟೆಯ ಮರಿಯೇ. ಗಂಡು ಚಿಟ್ಟೆ ನೀಲಿ-ನೇರಳೆ ಹೊಳಪಿನದು. ಹೂವು, ಎಳೆಕಾಯಿ ಮೇಲೆ ಇಟ್ಟ ಮೊಟ್ಟೆಯಿಂದ ಬಂದ ಹುಳ ಕಾಯಿ ಕೊರೆದು ಬೀಜ ತಿನ್ನುತ್ತೆ. ತೂತು, ಹಿಕ್ಕೆ ಕಂಡ ಕಾಯಿಗಳನ್ನು ಕಿತ್ತು ನಾಶ ಮಾಡಿ, ಉಳಿದ ಎಳೆಕಾಯಿಗೆ ಚೀಲ ಕಟ್ಟಿ. ಹುಳ ಒಳಹೊಕ್ಕ ಮೇಲೆ ಹೊರಗೆ ಸಿಂಪಡಿಸಿ ಲಾಭ ಕಡಿಮೆ.

ಈ ವಾರದ ಕೆಲಸ: ಮನೆ ಸುತ್ತ ಐದು ಚಿಟ್ಟೆಗಳ ಫೋಟೋ ತೆಗೆದು, ಹೆಸರು, ದಿನಾಂಕ, ಗಿಡ ಬರೆದಿಡಿ. ಒಂದು ವರ್ಷ ಬರೆದರೆ ಯಾವ ತಿಂಗಳು ಯಾವ ಹುಳ ಬರುತ್ತೆ ಅನ್ನೋ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತೆ.