ಇಂಧನ ಕೋಶದಲ್ಲಿ ಲೋಹಕಣ ಮತ್ತು ಅದರ ಆಸರೆ

ನೀರಿನಲ್ಲಿ ವಿದ್ಯುತ್ತನ್ನು ಹರಿಸಿ ಜಲಜನಕ, ಆಮ್ಲಜನಕಗಳನ್ನು ಬೇರ್ಪಡಿಸುವ ಪ್ರಯೋಗವನ್ನು ಪ್ರೌಢಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಇದರ ವಿಪರ್ಯಯವೇ ಇಂಧನ ಕೋಶ. ಎರಡೂ ಅನಿಲಗಳು ಕೂಡಿ ನೀರಾಗುವಾಗ ಅದು ನೇರವಾಗಿ ವಿದ್ಯುತ್ತನ್ನು ಕೊಡುತ್ತದೆ. ಈ ತತ್ತ್ವವನ್ನು ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ಪ್ಲಾಟಿನಂ ಪಟ್ಟಿಗಳಿಂದ ತೋರಿಸಿದನು. ಆತನ ವೃತ್ತಿ ವಕೀಲಿಯೆಂಬುದು ಸ್ವಾರಸ್ಯದ ಸಂಗತಿ.

ಪ್ಲಾಟಿನಂ ಇಲ್ಲಿ ಕ್ರಿಯಾವರ್ಧಕ. ಕ್ರಿಯೆಯನ್ನು ತ್ವರೆಗೊಳಿಸುತ್ತದೆ, ತಾನು ವ್ಯಯವಾಗುವುದಿಲ್ಲ. ಆದರೆ ಅದರ ಬೆಲೆ ಅಪಾರ. ಕ್ರಿಯೆ ನಡೆಯುವುದಾದರೂ ಮೇಲ್ಮೈಯಲ್ಲಿ ಮಾತ್ರ. ಒಳಗಿನ ಲೋಹವು ಹೂತಿಟ್ಟ ಹೊನ್ನಿನಂತೆ ನಿರುಪಯುಕ್ತ. ಒಂದು ಸೆಂಟಿಮೀಟರ್ ಅಂಚಿನ ಘನಕ್ಕಿರುವ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 3 ನ್ಯಾನೋಮೀಟರ್ ಅಂಚಿನ ಕಣಗಳಾಗಿ ಒಡೆದರೆ ಒಟ್ಟು ಮೇಲ್ಮೈ 2,000 ಚದರ ಮೀಟರ್ ಆಗುತ್ತದೆ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಶಿರಗುಪ್ಪಿಯ ರೈತನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 21 ಗ್ರಾಂ ಲೋಹದಿಂದ 20 ಗುಂಟೆ ಎರೆಹೊಲದಷ್ಟು ಹರವು!

ಆದರೆ ಇಂತಹ ಕಣಗಳನ್ನು ಹಾಗೆಯೇ ಬಿಟ್ಟರೆ ಅವು ಒಂದಕ್ಕೊಂದು ಅಂಟಿ ಮತ್ತೆ ದಪ್ಪವಾಗುತ್ತವೆ. ಅವುಗಳನ್ನು ದೂರದೂರವಾಗಿ ಕೂಡಿಸಲು ಆಸರೆ ಬೇಕು. ಎಲೆಕ್ಟ್ರಾನುಗಳು ಹೋಗಿಬರಲು ಆ ಆಸರೆ ವಿದ್ಯುದ್ವಾಹಕವಾಗಿರಬೇಕು; ಅನಿಲವು ಒಳಬಂದು ನೀರು ಹೊರಹೋಗಲು ರಂಧ್ರಮಯವಾಗಿರಬೇಕು. ದೀಪದ ಕಾಡಿಗೆಯ ಬಳಗಕ್ಕೆ ಸೇರಿದ ಇಂಗಾಲದ ಪುಡಿ ಈ ಎರಡೂ ಗುಣಗಳನ್ನುಳ್ಳದ್ದು. ಬಳಕೆಯಲ್ಲಿರುವ ವಲ್ಕನ್ ಇಂಗಾಲದ ಒಂದು ಗ್ರಾಮಿಗೆ ಸುಮಾರು 250 ಚದರ ಮೀಟರ್ ಮೇಲ್ಮೈ ಉಂಟು. ರಂಧ್ರ ಹೆಚ್ಚಿದಷ್ಟೂ ಲಾಭವೆಂದು ಮಾತ್ರ ಭಾವಿಸಲಾಗದು. ಅತಿ ಕಿರಿದಾದ ರಂಧ್ರದೊಳಗೆ ಹೊಕ್ಕ ಕಣಕ್ಕೆ ಅಯಾನುಗಳಾಗಲಿ ಅನಿಲವಾಗಲಿ ತಲುಪದಿದ್ದರೆ ಅದು ಹೂತಿಟ್ಟ ಹೊನ್ನೇ ಸರಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರು 1976ರಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. ಅಲ್ಲಿ ಎ. ಕೆ. ಶುಕ್ಲ ಅವರು ಮೆಥನಾಲನ್ನೇ ನೇರ ಇಂಧನವಾಗಿ ಬಳಸುವ ಕೋಶಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಮೆಥನಾಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ರುಥೇನಿಯಮ್ಮನ್ನು ಬೆರೆಸಿದರೆ ಆ ಅಂಟು ಬೇಗ ಕಳಚುತ್ತದೆ.

2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕಕ್ಕೆ ಪಾತ್ರವಾದ ಲೋಹ-ಸಾವಯವ ಚೌಕಟ್ಟುಗಳಲ್ಲಿ ರಂಧ್ರಗಳು ವಿಪುಲವಾದರೂ ಬಹುಪಾಲು ಚೌಕಟ್ಟುಗಳು ವಿದ್ಯುತ್ತನ್ನು ಚೆನ್ನಾಗಿ ಒಯ್ಯಲಾರವು. ಅವುಗಳನ್ನು ಗಾಳಿಯಿಲ್ಲದೆ ಕಾಯಿಸಿ ವಾಹಕ ಇಂಗಾಲವಾಗಿಸುವುದು ಒಂದು ಉಪಾಯ. ಆದರೆ ಇಂಗಾಲವೂ ಚಿರಸ್ಥಾಯಿಯಲ್ಲ. ಕೋಶವನ್ನು ಪದೇ ಪದೇ ನಡೆಸಿ ನಿಲ್ಲಿಸುವಾಗ ಅದು ಇಂಗಾಲದ ಡೈಆಕ್ಸೈಡಾಗಿ ಸವೆಯುತ್ತದೆ. ನೆಲೆ ತಪ್ಪಿದ ಕಣಗಳು ಕಳಚಿಹೋಗುತ್ತವೆ ಇಲ್ಲವೆ ಒಟ್ಟುಗೂಡುತ್ತವೆ. ಆದುದರಿಂದ ಸವೆಯದ ಟೈಟೇನಿಯಂ ಆಕ್ಸೈಡುಗಳನ್ನು ವಾಹಕವಾಗಿಸಿ ಆಸರೆಯಾಗಿ ಪರೀಕ್ಷಿಸಲಾಗುತ್ತಿದೆ.