ಶಾಲೆಯ ಬಾಗಿಲೊಳಗೆ ವಾಕ್‌ಸ್ವಾತಂತ್ರ್ಯ: ಅಮೇರಿಕಾ ದೇಶದ ಕಾನೂನಿನಿಂದ ಒಂದು ಪಾಠ



ಮಾತನಾಡುವ ಮಕ್ಕಳನ್ನು ಸುಮ್ಮನಿರಿಸುವುದು ನಮ್ಮ ವೃತ್ತಿಯ ನಿತ್ಯಕರ್ಮವಾಗಿದೆ. ಆದರೆ ಈ ಅಧಿಕಾರವು ನಮಗೆ ಎಲ್ಲಿಯವರೆಗೆ ಸಲ್ಲುವುದು, ಎಲ್ಲಿಂದಾಚೆಗೆ ಸಲ್ಲದು ಎಂಬುದನ್ನು ನಾವು ವಿಚಾರಿಸುವುದು ವಿರಳ. ಅಮೇರಿಕಾ ಸಂಯುಕ್ತ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ಇದೇ ಪ್ರಶ್ನೆಯನ್ನು ಶಾಲಾಮಕ್ಕಳ ಮೊಕದ್ದಮೆಗಳಲ್ಲಿ ಹಲವು ಬಾರಿ ಪರಿಶೀಲಿಸಿರುತ್ತದೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಪಾಠರೂಪವಾಗಿ ನಿಮ್ಮ ಮುಂದಿಡುತ್ತೇವೆ.

ಮೊದಲು ಮೂಲನಿಯಮವನ್ನು ತಿಳಿಯೋಣ. 1791ರಲ್ಲಿ ಅಂಗೀಕೃತವಾದ ಆ ದೇಶದ ಸಂವಿಧಾನದ ಮೊದಲನೆಯ ತಿದ್ದುಪಡಿಯು ಧರ್ಮಾಚರಣೆ, ಮಾತು, ಮುದ್ರಣ, ಶಾಂತವಾಗಿ ಸಭೆ ಸೇರುವಿಕೆ, ಸರ್ಕಾರಕ್ಕೆ ಅಹವಾಲು ಸಲ್ಲಿಸುವಿಕೆ ಎಂಬ ಐದನ್ನು ರಕ್ಷಿಸುತ್ತದೆ. ಅದು ಕಟ್ಟುವುದು ಸರ್ಕಾರದ ಕೈಗಳನ್ನು ಮಾತ್ರ. ಅಲ್ಲಿಯ ಖಾಸಗಿ ಶಾಲೆಯನ್ನಾಗಲಿ ಪತ್ರಿಕೆಯ ಒಡೆಯನನ್ನಾಗಲಿ ಕಟ್ಟುವುದಿಲ್ಲ. ಆದಿಯಲ್ಲಿ ರಾಷ್ಟ್ರದ ಸರ್ಕಾರಕ್ಕೆ ಮಾತ್ರವೇ ಅನ್ವಯಿಸುತ್ತಿದ್ದ ಈ ಕಟ್ಟು, 1925ರಿಂದೀಚಿನ ತೀರ್ಪುಗಳ ಮೂಲಕ ಒಳಸಂಸ್ಥಾನಗಳಿಗೂ, ಅವು ನಡೆಸುವ ಶಾಲೆಗಳಿಗೂ ವ್ಯಾಪಿಸಿತು.

ಹಾಗಾದರೆ ಮಿತಿಯೇ ಇಲ್ಲವೋ? ಉಂಟು, ಆದರೆ ಅದನ್ನು ಗುರುತಿಸಿದವರು ನ್ಯಾಯಾಧೀಶರು. ನಾಟಕಶಾಲೆಯಲ್ಲಿ ಸುಳ್ಳಾಗಿ ‘ಬೆಂಕಿ’ ಎಂದು ಕೂಗಿ ಜನರನ್ನು ದಿಗಿಲುಪಡಿಸುವವನಿಗೆ ರಕ್ಷಣೆಯಿಲ್ಲವೆಂದು 1919ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಹೇಳಿದರು. ಉಪಮೆಯೇನೋ ಚೆನ್ನಾಗಿದೆ. ಆದರೆ ಆ ತೀರ್ಪಿನಿಂದ ಶಿಕ್ಷೆ ಸ್ಥಿರವಾದುದು ಬೆಂಕಿಯೆಂದು ಕೂಗಿದವರಿಗಲ್ಲ; ಯುದ್ಧಕಾಲದ ಕಡ್ಡಾಯ ಸೈನ್ಯಸೇವೆಯನ್ನು ವಿರೋಧಿಸಿ ಕರಪತ್ರ ಹಂಚಿದವರಿಗೆ! ಮಿತಿಯನ್ನು ಅಗಲವಾಗಿ ಎಳೆದರೆ ಏನಾಗುವುದೆಂಬುದಕ್ಕೆ ಇದೇ ದೃಷ್ಟಾಂತ. 1969ರಲ್ಲಿ ಅದೇ ನ್ಯಾಯಾಲಯವು ಗೆರೆಯನ್ನು ಕಿರಿದುಗೊಳಿಸಿ, ತತ್‌ಕ್ಷಣವೇ ಕಾನೂನುಭಂಗವನ್ನು ಉಂಟುಮಾಡುವ ಉದ್ದೇಶವೂ ಸಂಭವವೂ ಇದ್ದಲ್ಲಿ ಮಾತ್ರ ಪ್ರಚೋದನೆಯ ಮಾತನ್ನು ದಂಡಿಸಬಹುದೆಂದು ವಿಧಿಸಿತು. ನಿಜವಾದ ಬೆದರಿಕೆ, ಮಾನಹಾನಿ, ವಂಚನೆ ಮೊದಲಾದುವುಗಳಿಗೆ ಬೇರೆ ಮಿತಿಗಳುಂಟು. ಕೇಳಿದವರಿಗೆ ಹಿಡಿಸಲಿಲ್ಲವೆಂಬುದೊಂದೇ ಕಾರಣವು ಸಾಲದು.

ಇನ್ನು ಶಾಲೆಯೊಳಕ್ಕೆ ಬರೋಣ. ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ 1935ರಲ್ಲಿ ಲಿಲಿಯನ್ ಎಂಬ ಹನ್ನೆರಡು ವರ್ಷದ ಬಾಲೆಯೂ ಆಕೆಯ ತಮ್ಮನೂ ಧ್ವಜವಂದನೆಯನ್ನು ಮಾಡಲೊಲ್ಲದೆ ಶಾಲೆಯಿಂದ ಹೊರಹಾಕಲ್ಪಟ್ಟರು. ಅವರು ಯೆಹೋವನ ಸಾಕ್ಷಿಗಳೆಂಬ ಪಂಥದವರು. ದೇವರಿಗಲ್ಲದೆ ಅನ್ಯಕ್ಕೆ ವಂದಿಸುವುದು ಅವರ ಮನಸ್ಸಾಕ್ಷಿಗೆ ಒಪ್ಪದು. 1940ರಲ್ಲಿ ನ್ಯಾಯಾಲಯವು ಎಂಟಕ್ಕೆ ಒಂದರಂತೆ ಶಾಲೆಯ ಪಕ್ಷವನ್ನೇ ಹಿಡಿಯಿತು. ತರುವಾಯ ಆ ಪಂಥದವರ ಮೇಲೆ ಹಲವೆಡೆ ಜನರ ಗುಂಪುಗಳು ಹಲ್ಲೆ ನಡೆಸಿದುವು. ಪಶ್ಚಿಮ ವರ್ಜೀನಿಯಾ ಸಂಸ್ಥಾನವು 1942ರಲ್ಲಿ ವಂದನೆಯನ್ನು ಕಡ್ಡಾಯಗೊಳಿಸಿತು. ಹೊರಹಾಕಲ್ಪಟ್ಟ ಮಗುವಿನ ತಂದೆತಾಯಿಗಳಿಗೆ ಐವತ್ತು ಡಾಲರುಗಳವರೆಗೆ ದಂಡವನ್ನೂ ಮೂವತ್ತು ದಿನಗಳವರೆಗೆ ಸೆರೆವಾಸವನ್ನೂ ವಿಧಿಸಬಹುದಾಗಿತ್ತು. ಆದರೆ 1943ರ ಜೂನ್ 14ರಂದು, ಮಹಾಯುದ್ಧವು ನಡೆಯುತ್ತಿರುವಾಗಲೇ, ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಾನೇ ರದ್ದುಮಾಡಿತು. ನಂಬಲೇಬೇಕಾದ ಅಭಿಪ್ರಾಯವಿದೆಂದು ವಿಧಿಸಿ, ಅದನ್ನು ಬಾಯಿಂದ ಹೇಳಿಸುವ ಅಧಿಕಾರವು ಯಾವ ಅಧಿಕಾರಿಗೂ ಇಲ್ಲವೆಂಬುದು ನ್ಯಾಯಮೂರ್ತಿ ಜ್ಯಾಕ್ಸನ್ನರ ಮಾತಿನ ಸಾರ. ಮಾತನಾಡುವ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಅಡಗಿದೆ!

ಎರಡನೆಯ ಮೊಕದ್ದಮೆಯು ನಮ್ಮನ್ನು ಹೆಚ್ಚಾಗಿ ಕಾಡುವಂಥದು. 1965ರ ಡಿಸೆಂಬರಿನಲ್ಲಿ ಐಯೊವಾ ಸಂಸ್ಥಾನದ ಡಿ ಮೊಯಿನ್ ನಗರದ ಕೆಲವು ಮಕ್ಕಳು, ವಿಯೆಟ್ನಾಮ್ ಯುದ್ಧದಲ್ಲಿ ಮಡಿದವರಿಗಾಗಿ ಶೋಕಿಸಿ ಕದನವಿರಾಮವನ್ನು ಕೋರಲು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಲು ನಿಶ್ಚಯಿಸಿದರು. ಸುದ್ದಿ ತಿಳಿದ ಮುಖ್ಯೋಪಾಧ್ಯಾಯರುಗಳು ಸಭೆ ಸೇರಿ ಅದನ್ನು ಮುಂಚಿತವಾಗಿಯೇ ನಿಷೇಧಿಸಿದರು. ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್ ಮೊದಲಾದ ಐವರನ್ನು ಶಾಲೆಯಿಂದ ತಾತ್ಕಾಲಿಕವಾಗಿ ಹೊರಗಿಟ್ಟರು. ಆ ನಗರದ ಶಾಲೆಗಳಲ್ಲಿದ್ದ ಮಕ್ಕಳು 18,000. ಪಟ್ಟಿ ಕಟ್ಟಿದವರು ಬೆರಳೆಣಿಕೆಯವರು. ಪಾಠಕ್ಕೆ ಗಲಭೆಯೇನೂ ಆಗಲಿಲ್ಲ. ಬೇರೆ ರಾಜಕೀಯ ಚಿಹ್ನೆಗಳನ್ನು ಧರಿಸಲು ಅಡ್ಡಿಯಿರಲಿಲ್ಲ. 1969ರಲ್ಲಿ ಏಳಕ್ಕೆ ಎರಡರಂತೆ ಮಕ್ಕಳು ಗೆದ್ದರು. ವಿದ್ಯಾರ್ಥಿಯಾಗಲಿ ಉಪಾಧ್ಯಾಯನಾಗಲಿ ತನ್ನ ವಾಕ್‌ಸ್ವಾತಂತ್ರ್ಯವನ್ನು ಶಾಲೆಯ ಬಾಗಿಲಲ್ಲಿ ಕಳಚಿಟ್ಟು ಒಳಬರುವುದಿಲ್ಲವೆಂದೂ, ಪಾಠಕ್ರಮಕ್ಕೆ ಗಣನೀಯ ಅಡಚಣೆಯಾಗುವುದೆಂಬುದಕ್ಕೆ ಆಧಾರವಿಲ್ಲದೆ ಬರಿಯ ಅಂಜಿಕೆಯಿಂದ ನಿಷೇಧಿಸಲಾಗದೆಂದೂ ತೀರ್ಪಾಯಿತು. ಭಿನ್ನಮತ ಸೂಚಿಸಿದ ನ್ಯಾಯಮೂರ್ತಿ ಬ್ಲ್ಯಾಕರು ಇದರಿಂದ ಶಾಲೆಯ ಶಿಸ್ತೇ ಕೆಡುವುದೆಂದು ಭಯಪಟ್ಟರು. ಆ ಭಯವು ನಮಗೂ ಅಪರಿಚಿತವಲ್ಲ.

ಆದರೆ ಶಾಲೆಯು ಕೈಕಟ್ಟಿ ಕುಳಿತಿರಬೇಕೆಂದು ಇದರ ಅರ್ಥವಲ್ಲ. ಶಾಲಾಸಭೆಯಲ್ಲಿ ಅಸಭ್ಯವಾಗಿ ಭಾಷಣ ಮಾಡಿದವನನ್ನು ಶಿಕ್ಷಿಸಬಹುದೆಂದು 1986ರಲ್ಲಿಯೂ, ಪಾಠದ ಅಂಗವಾಗಿ ಶಾಲೆಯೇ ಹೊರಡಿಸುವ ಪತ್ರಿಕೆಯನ್ನು ಶಿಕ್ಷಣದ ದೃಷ್ಟಿಯಿಂದ ತಿದ್ದಬಹುದೆಂದು 1988ರಲ್ಲಿಯೂ ತೀರ್ಪುಗಳಾದುವು. 2021ರಲ್ಲಿ ಬಂದ ಮೊಕದ್ದಮೆಯಲ್ಲಾದರೋ, ರಜಾದಿನ ಶಾಲೆಯ ಹೊರಗಿನಿಂದ ಒಬ್ಬ ಹುಡುಗಿಯು ದೂರವಾಣಿಯ ಮೂಲಕ ಗೆಳೆಯರಿಗೆ ಕಳುಹಿಸಿದ ಒರಟು ಮಾತಿಗಾಗಿ ಅವಳನ್ನು ಶಾಲೆಯ ತಂಡದಿಂದ ತೆಗೆದುದು ತಪ್ಪೆಂದು ನಿರ್ಣಯವಾಯಿತು.

ಈ ವಿಚಾರವು ನಮ್ಮ ದೇಶಕ್ಕೆ ದೂರವಾದುದಲ್ಲ. ನಮ್ಮ ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಅದರ ಯುಕ್ತ ನಿರ್ಬಂಧಗಳು ಯಾವುವೆಂಬುದನ್ನೂ ಅಲ್ಲಿಯೇ ಹೇಳಿದೆ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡದಿದ್ದ ಅದೇ ಪಂಥದ ಮೂವರು ಮಕ್ಕಳನ್ನು, ಮೇಲಧಿಕಾರಿಯ ಸೂಚನೆಯ ಮೇರೆಗೆ ಮುಖ್ಯೋಪಾಧ್ಯಾಯಿನಿಯವರು ಹೊರಗೆ ಕಳುಹಿಸಿದರು. 1986ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅಮೇರಿಕಾದ ಧ್ವಜವಂದನೆಯ ತೀರ್ಪುಗಳನ್ನೂ ಚರ್ಚಿಸಿ, ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ಆ ಮುಖ್ಯೋಪಾಧ್ಯಾಯಿನಿಯವರ ಕುರ್ಚಿಯಲ್ಲಿ ನಾವಿದ್ದಿದ್ದರೆ ಏನು ಮಾಡುತ್ತಿದ್ದೆವು? ಬಹುಶಃ ಅದನ್ನೇ ಮಾಡುತ್ತಿದ್ದೆವೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಆದುದರಿಂದ ಒಬ್ಬ ಬಾಲೆಯ ಬಾಯಿ ಮುಚ್ಚಿಸುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಇವಳ ಮಾತಿನಿಂದ ಇತರರ ಕಲಿಕೆಗೆ ನಿಜವಾಗಿ ತಡೆಯಾಗುವುದೋ? ಇದರಿಂದ ಯಾರಿಗಾದರೂ ಹಾನಿಯುಂಟೋ? ಅಥವಾ ಇದು ನಮಗೆ ಹಿಡಿಸದ ಮಾತು ಮಾತ್ರವೋ? ಮೂರನೆಯದೇ ನಿಜವಾದಲ್ಲಿ ಸುಮ್ಮನಿರಬೇಕಾದವರು ನಾವೇ. ಪೋಷಕರೂ ಮನೆಯ ಊಟದ ಹೊತ್ತಿನಲ್ಲಿ ಇದೇ ಪಾಠವನ್ನು ಅಭ್ಯಾಸ ಮಾಡಿನೋಡಲೆಂದು ಕೋರುತ್ತೇವೆ.